ತಲೆ ಮೇಲೊಂದು ಡಿಕ್ಕಿ

ಕಾರಿನ ಹಿಂದೆ ಸಾಮಾನು ತುಂಬುವ ಜಾಗಕ್ಕೂ ನಾವು ಡಿಕ್ಕಿ ಅಂತೀವಿ, ಎರಡು ಗಾಡಿ ಗುದ್ದಿಕೊಂಡರೆ ಅದಕ್ಕೂ ಡಿಕ್ಕಿ ಅಂತೀವಿ. ಊರಿಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಈ ಎರಡು ಅರ್ಥಗಳಿಗೆ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಟ್ರಾಲಿ ಬ್ಯಾಗು ಎರಡು, ಮಕ್ಕಳ ಬೆನ್ನಿನ ಚೀಲ ಎರಡು, ಅಮ್ಮನ ಬಟ್ಟೆ ಬ್ಯಾಗು, ಅತ್ತೆಯ ಬಟ್ಟೆ ಬ್ಯಾಗು, ದಿಂಬು, ಹೊದಿಕೆ, ಪುಳಿಯೋಗರೆ ಗೊಜ್ಜಿನ ಡಬ್ಬ, ಯಾರೋ ಯಾರಿಗೋ ಕೊಡಲು ಕೊಟ್ಟ ಸೀರೆಯ ಪೊಟ್ಟಣ. ಒಂದನ್ನು ಒಳಗೆ ತುರುಕಿದರೆ ಇನ್ನೊಂದು ಹೊರಗೆ ಬರುತ್ತೆ. ನಾಲ್ಕನೇ ಟಿ ಬ್ಲಾಕಿನ ರಸ್ತೆಯಲ್ಲಿ ರಾತ್ರಿ ಹತ್ತೂವರೆಗೆ ಕಾರಿನ ಹಿಂಬಾಗಿಲು ತೆಗೆದಿಟ್ಟುಕೊಂಡು ಗಂಡ ಹೆಂಡತಿ ಮಾತಾಡದೆ ನಿಂತಿದ್ದಾರೆ ಅಂದರೆ, ನಾಳೆ ಬೆಳಿಗ್ಗೆ ಇವರು ಊರಿಗೆ ಹೊರಟಿದ್ದಾರೆ ಅಂತ ಅಕ್ಕಪಕ್ಕದವರಿಗೆ ಗೊತ್ತಾಗಿಬಿಡುತ್ತೆ.

ಹೋದ ಮೇ ತಿಂಗಳಲ್ಲಿ ಈ ಜಗಳಕ್ಕೆ ಪರಿಹಾರ ಅಂತ ಕಾರಿನ ನೆತ್ತಿಯ ಮೇಲೆ ಒಂದು ಕಪ್ಪು ಡಬ್ಬಿ ಬಂದು ಕೂತಿತು. ರೂಫ್ ಬಾಕ್ಸ್. ಆರಡಿ ಚಿಲ್ಲರೆ ಉದ್ದ, ಮುಂದೆ ಚೂಪು, ಹಿಂದೆ ಮೊಂಡು, ಬೀಗ ಇದೆ. ಆರು ದಿನಕ್ಕೆ ಬಾಡಿಗೆ. ಚೆನ್ನಾಗಿದ್ದರೆ ಒಂದನ್ನು ಕೊಂಡೇ ಬಿಡೋಣ ಅನ್ನೋದು ನನ್ನ ಗಂಡನ ಯೋಜನೆ. ಮೊದಲು ನೋಡೋಣ ಅನ್ನೋದು ನನ್ನದು. ಎದುರು ಮನೆ ಅಂಕಲ್ ವಾಕಿಂಗ್ ಮುಗಿಸಿ ಬಂದವರು ಎರಡು ಸುತ್ತು ಹಾಕಿ ನೋಡಿ, "ಏನಮ್ಮಾ ಇದು, ಹೆಣದ ಪೆಟ್ಟಿಗೆ ಇದ್ದಂಗಿದೆಯಲ್ಲ?" ಅಂದರು. ಮಾರನೇ ದಿನ ಹೊರನಾಡಿಗೆ ಹೊರಟವರಿಗೆ ಹೇಳುವ ಮಾತೇ ಅದು?

ಪುಸ್ತಕಕ್ಕೆ ವಿಮರ್ಶೆ ಉಂಟು, ಸಿನಿಮಾಕ್ಕೆ ಉಂಟು, ನಾಲ್ಕನೇ ಬ್ಲಾಕಿನ ದೋಸೆಗಂತೂ ದಿನಕ್ಕೊಂದು ಉಂಟು. ಈ ಡಬ್ಬಿಗೂ ಒಂದು ಬೇಕು. ಈಗ ಇರುವ ವಿಮರ್ಶೆಗಳನ್ನು ನಾನು ನೋಡಿದೆ. ಅಷ್ಟರಲ್ಲೂ ಒಬ್ಬ ಗಂಡಸು ಕಾರಿನ ಪಕ್ಕ ನಿಂತು, ಇದು ಎಷ್ಟು ಲೀಟರು, ಎಷ್ಟು ಸುಲಭವಾಗಿ ಕೂರುತ್ತೆ, ಎರಡೂ ಕಡೆಯಿಂದ ಹೇಗೆ ತೆಗೆಯಬಹುದು ಅಂತ ಹೇಳ್ತಾನೆ. ಒಳಗೆ ಏನು ತುಂಬಿದರು, ತುಂಬಿದವರು ಯಾರು, ಡಬ್ಬಿ ಬಂದಿದ್ದರಿಂದ ಕಾರೊಳಗೆ ಯಾರಿಗೆ ಜಾಗ ಸಿಕ್ಕಿತು, ಇವು ಯಾವುದೂ ಬರುವುದಿಲ್ಲ. ನನಗೆ ಬೇಕಾಗಿದ್ದು ಅದೇ.

ಮೊದಲು ರೂಪದ ಮಾತು. ಈ ಡಬ್ಬಿ ಮಾಡುವ ಕೆಲಸ ಹೊಸದೇನಲ್ಲ. ಕಾರಿನ ಮೇಲೆ ಕಬ್ಬಿಣದ ಕ್ಯಾರಿಯರ್ ಹಾಕಿಸಿ, ಟಾರ್ಪಾಲಿನ್ ಹೊದಿಸಿ, ಹಗ್ಗ ಬಿಗಿದು ಧರ್ಮಸ್ಥಳ ಸುಬ್ರಹ್ಮಣ್ಯ ಮಾಡಿ ಬಂದ ಕುಟುಂಬಗಳು ಬೆಂಗಳೂರಲ್ಲಿ ಎಷ್ಟಿಲ್ಲ. ಜೆ.ಸಿ. ರಸ್ತೆಗೆ ಹೋದರೆ ಇವತ್ತಿಗೂ ಕ್ಯಾರಿಯರ್ ಸಿಗುತ್ತೆ, ಕೆಲವು ಸಾವಿರಕ್ಕೆ. ಆಮದಾದ ಒಳ್ಳೆ ಡಬ್ಬಿ, ಅದಕ್ಕೆ ಬೇಕಾದ ಅಡ್ಡಪಟ್ಟಿಗಳ ಸಮೇತ, ಅರ್ಧ ಲಕ್ಷ ದಾಟಿ ಮುಂದಕ್ಕೆ ಹೋಗುತ್ತೆ. ಹಾಗಾದರೆ ಕ್ಯಾರಿಯರ್ ಯಾಕೆ ಬೇಡ ಅಂತ ಕೇಳಿದೆ. ಸ್ವಲ್ಪ ಹೊತ್ತು ಗಾಳಿ, ಮಳೆ, ಶಬ್ದ ಅಂತೆಲ್ಲ ಹೇಳಿದ ಗಂಡ ಕೊನೆಗೆ ನಿಜ ಹೇಳಿದ: "ಕ್ಯಾರಿಯರ್ ಹಾಕಿಸಿದ್ರೆ ಟ್ಯಾಕ್ಸಿ ಥರ ಕಾಣುತ್ತೆ."

ಅದೇ ವಿಷಯ. ಹಳದಿ ಬೋರ್ಡಿನ ಗಾಡಿಗೆ ಕ್ಯಾರಿಯರ್, ಬಿಳಿ ಬೋರ್ಡಿನ ಗಾಡಿಗೆ ಡಬ್ಬಿ. ಕ್ಯಾರಿಯರ್ ಮೇಲೆ ಏನಿದೆ ಅಂತ ಊರಿಗೆಲ್ಲ ಕಾಣುತ್ತೆ: ಯಾರ ಸೂಟ್‌ಕೇಸು ಹಳೇದು, ಯಾರ ಚೀಲಕ್ಕೆ ಗಂಟು ಕಟ್ಟಿದೆ, ಎಲ್ಲಾ. ಡಬ್ಬಿ ಅದನ್ನು ಮುಚ್ಚುತ್ತೆ. ಸಾಮಾನು ಹೊರುತ್ತಿದ್ದೇವೆ ಅನ್ನುವುದನ್ನೇ ಮುಚ್ಚಿ, ಎಲ್ಲಿಗೋ ಸಾಹಸಕ್ಕೆ ಹೊರಟಿದ್ದೇವೆ ಅನ್ನುವ ಮುಖ ಕೊಡುತ್ತೆ. ಹಣದ ಬಹುಪಾಲು ಈ ಮುಖಕ್ಕೆ. ಇದನ್ನು ತಪ್ಪು ಅನ್ನಲಾರೆ. ನಾನೂ ಅಂಗಡಿ ಚೀಲ ಬಿಟ್ಟು ಟ್ರಾಲಿ ಬ್ಯಾಗು ಎಳೆಯುವವಳೇ. ಆದರೆ ಏನಕ್ಕೆ ದುಡ್ಡು ಕೊಡ್ತಿದ್ದೀವಿ ಅನ್ನೋದು ಗೊತ್ತಿರಲಿ.

ಡಬ್ಬಿಯ ಪರವಾಗಿಯೂ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಘಟ್ಟದಲ್ಲಿ ಗಾಡಿ ನಿಲ್ಲಿಸಿದರೆ ಕ್ಯಾರಿಯರ್ ಮೇಲಿನ ಚೀಲ ಕೋತಿಗೆ ಎರಡು ನಿಮಿಷದ ಕೆಲಸ. ಡಬ್ಬಿಯ ಮೇಲೆ ಕೋತಿ ಕೂತು ಹೇನು ನೋಡಿಕೊಳ್ಳುತ್ತೆ, ಅಷ್ಟೇ.

ನಮಗೆ ತಲೆ ಮೇಲೆ ಹೊರುವ ಗತಿ ಯಾಕೆ ಬಂತು ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೆಂಪು ಬಸ್ಸಿನ ಹಿಂದೆ ಏಣಿ ಇರುತ್ತಿತ್ತು. ನೆತ್ತಿಯ ಮೇಲೆ ಟ್ರಂಕು, ಹೋಲ್ಡಾಲು, ಬಾಳೆಗೊನೆ, ಕೆಲವೊಮ್ಮೆ ಕಾಲು ಕಟ್ಟಿದ ಕೋಳಿ. 2001ರಲ್ಲಿ ವೋಲ್ವೊ ಬಸ್ಸು ಭಾರತಕ್ಕೆ ಬಂತು, ನಮ್ಮ ಹೊಸಕೋಟೆಯಲ್ಲೇ ತಯಾರಾಗಲು ಶುರುವಾಯಿತು. ಕೆಎಸ್ಆರ್‌ಟಿಸಿಯ ಐರಾವತ ಹತ್ತಿದವರು ಬ್ಯಾಗನ್ನು ನೆತ್ತಿಗೆ ಎಸೆಯಲಿಲ್ಲ, ಬಸ್ಸಿನ ಹೊಟ್ಟೆಗೆ ಹಾಕಿದರು. ಭಾರ ಕೆಳಗಿಳಿಯಿತು. ತಿರುವಿನಲ್ಲಿ ಭಾರ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು ಅನ್ನೋದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ, ತಲೆ ಮೇಲೆ ಕೊಡ ಹೊತ್ತು ನಡೆದವರಿಗೆಲ್ಲ ಗೊತ್ತು. ಬಸ್ಸಿನಲ್ಲಿ ಕೆಳಗಿಳಿದ ಸಾಮಾನು ಇಪ್ಪತ್ತು ವರ್ಷ ಕಳೆದ ಮೇಲೆ ಕಾರಿನಲ್ಲಿ ಮತ್ತೆ ನೆತ್ತಿಗೇರಿದೆ. ತಮಾಷೆ ಅಂದ್ರೆ ಅದನ್ನು ಕೆಳಗಿಳಿಸಿದ್ದೂ ಸ್ವೀಡನ್ನಿನ ಕಂಪನಿ, ಮೇಲೇರಿಸುತ್ತಿರುವ ಡಬ್ಬಿಗಳಲ್ಲಿ ಅತಿ ಹೆಸರುವಾಸಿಯಾದ ತುಲೆಯೂ ಸ್ವೀಡನ್ನಿನದೇ.

ಮಧ್ಯೆ ನಾವು ಮಾಡಿಕೊಂಡದ್ದೂ ಇದೆ. ಸಾಮಾನಿಗೆ ಜಾಗ ಇರುವ ಕಾರು ನಮಗೆ ಸಿಕ್ಕೇ ಇರಲಿಲ್ಲ ಅಂತಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಓಪೆಲ್‌ನ ಕೊರ್ಸಾ ಸ್ವಿಂಗ್ ಬಂದವು. ಹಿಂಭಾಗ ಉದ್ದಕ್ಕೆ, ಚಾವಣಿ ಕೊನೆಯವರೆಗೆ, ಐದು ಜನ ಕೂತ ಮೇಲೂ ಹಿಂದೆ ಒಂದು ಕೋಣೆಯಷ್ಟು ಜಾಗ. ನಾವು ತಿರುಗಿ ನೋಡಲಿಲ್ಲ. ಆಂಬುಲೆನ್ಸ್ ಇದ್ದ ಹಾಗಿದೆ ಅಂದೆವು. ಆಂಬುಲೆನ್ಸ್ ಬೇಡ ಅಂದವರ ಮನೆ ಮುಂದೆ ಈಗ ಹೆಣದ ಪೆಟ್ಟಿಗೆ. ಎದುರು ಮನೆ ಅಂಕಲ್ ಮಾತಿನಲ್ಲಿ ತೂಕ ಇದೆ ಅಂತ ಈಗ ಅನ್ಸುತ್ತೆ.

2006ರ ಬಜೆಟ್ಟು ಮಿಕ್ಕ ಕೆಲಸ ಮುಗಿಸಿತು. ನಾಲ್ಕು ಮೀಟರಿಗಿಂತ ಉದ್ದ ಇಲ್ಲದ, ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕ ಶೇಕಡಾ 24ರಿಂದ 16ಕ್ಕೆ ಇಳಿಯಿತು. ಕಂಪನಿಗಳು ಕತ್ತರಿ ತೆಗೆದುಕೊಂಡವು. ಕಾರಿನಲ್ಲಿ ಇಂಜಿನ್ ಕತ್ತರಿಸೋಕಾಗಲ್ಲ, ಮುಂದಿನ ಸೀಟು ಕತ್ತರಿಸೋಕಾಗಲ್ಲ, ಆದ್ದರಿಂದ ಡಿಕ್ಕಿ ಕತ್ತರಿಸಿದರು. ಜಿಎಸ್‌ಟಿ ಬಂದು, 2025ರ ಸೆಪ್ಟೆಂಬರಿನಲ್ಲಿ ಅದರ ದರಗಳೂ ಬದಲಾದವು. ನಾಲ್ಕು ಮೀಟರಿನ ಗೆರೆ ಮಾತ್ರ ಹಾಗೇ ಇದೆ.

ಇನ್ನೊಂದು ಕಡೆ ಅಜ್ಜ ಅಜ್ಜಿ ಮೊಮ್ಮಕ್ಕಳು ಎಲ್ಲರೂ ನಗುತ್ತಾ ಕೂತ ಜಾಹೀರಾತುಗಳು: ಏಳು ಸೀಟಿನ ಕಾರು. ಇದು ನನ್ನ ಪ್ರಕಾರ ನಮ್ಮ ಕಾಲದ ದೊಡ್ಡ ಅರ್ಧಸತ್ಯಗಳಲ್ಲಿ ಒಂದು. ಏಳು ಜನ ಕೂರಬಹುದು, ನಿಜ. ಏಳು ಜನ ಬಟ್ಟೆ ಇಲ್ಲದೆ ಹೋಗಬೇಕು. ಮೂರನೇ ಸಾಲು ಎಬ್ಬಿಸಿದರೆ ರೆನೋ ಟ್ರೈಬರ್‌ನಲ್ಲಿ ಉಳಿಯೋದು 84 ಲೀಟರ್. ಬೆಂಗಳೂರಿನವರಿಗೆ ಲೀಟರ್ ಅಂದರೆ ನೀರಿನ ಕ್ಯಾನು, ಆ ಲೆಕ್ಕದಲ್ಲೇ ಹೇಳ್ತೀನಿ: ಇಪ್ಪತ್ತು ಲೀಟರಿನ ಕ್ಯಾನು ನಾಲ್ಕು, ಮೇಲೊಂದು ಚೊಂಬು. ಎರ್ಟಿಗಾದಲ್ಲಿ 209 ಲೀಟರ್, ಅಂದರೆ ಹತ್ತು ಕ್ಯಾನು. ಅದೇ ಎರ್ಟಿಗಾದಲ್ಲಿ ಮೂರನೇ ಸಾಲು ಮಡಚಿದರೆ 550. ಹಾಗಾಗಿ ಏಳು ಸೀಟಿನ ಕಾರು ಕೊಂಡವರ ಮುಂದೆ ಪ್ರತಿ ಸಲವೂ ಒಂದು ಪ್ರಶ್ನೆ ಬಂದು ನಿಲ್ಲುತ್ತೆ. ಬ್ಯಾಗೋ, ಅಜ್ಜಿಯೋ?

ಈ ಪ್ರಶ್ನೆಯನ್ನು ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಂತೂ ಕೇಳಿರಲಿಲ್ಲ. ನಾವಿಬ್ಬರು, ಮಕ್ಕಳಿಬ್ಬರು, ಅಮ್ಮ, ಅತ್ತೆ, ಒಟ್ಟು ಆರು ಜನ. ಇಬ್ಬರು ಹಿರಿಯರಿಗೂ ಮಧ್ಯದ ಸಾಲು, ಮಕ್ಕಳಿಗೆ ಹಿಂದಿನ ಸಾಲು ಅಂತ ಇಟ್ಟರೆ ಸಾಮಾನಿಗೆ ಜಾಗ ಇಲ್ಲ. ಮೂರನೇ ಸಾಲು ಮಡಚಿದರೆ ಒಬ್ಬರಿಗೆ ಜಾಗ ಇಲ್ಲ. ಕಾರು ಬಂದ ಮೇಲೆ ಎರಡು ವರ್ಷ, ಪ್ರತಿ ಪ್ರವಾಸಕ್ಕೂ ಎರಡು ದಿನ ಮುಂಚೆ ಅಮ್ಮನಿಗೆ ಮೊಣಕಾಲು ನೋವು ಬಂತು. "ನೀವು ಹೋಗಿ ಬನ್ನಿ, ನಂಗೆ ಅಷ್ಟು ಹೊತ್ತು ಕೂರೋಕಾಗಲ್ಲ" ಅಂತಿದ್ದಳು. ನಾವು ನಂಬಿದೆವು. ನಂಬುವುದು ಅನುಕೂಲವಾಗಿಯೂ ಇತ್ತು. ಈ ಮೇ ತಿಂಗಳಲ್ಲಿ ಡಬ್ಬಿ ಬಂತು, ಸಾಮಾನೆಲ್ಲ ಮೇಲೆ ಹೋಗುತ್ತಂತೆ ಅಂತ ಮಗಳು ಅಜ್ಜಿಗೆ ಹೇಳಿದಳು. ಆ ವಾರ ಮೊಣಕಾಲಿನ ಸುದ್ದಿ ಬರಲೇ ಇಲ್ಲ.

ವಿಮರ್ಶೆ ಬರೆಯುವವರು ತಮ್ಮ ಪಕ್ಷಪಾತ ಹೇಳಿಕೊಳ್ಳಬೇಕು. ನನ್ನದು ಇದು. ಆ ಡಬ್ಬಿ ನಮಗೆ ಕೊಟ್ಟಿದ್ದು ನಾನೂರು ಲೀಟರ್ ಅಲ್ಲ, ಒಂದು ಸೀಟು. ಇನ್ನು ಮುಂದೆ ಅದರ ಬಗ್ಗೆ ಏನೇ ದೂರು ಹೇಳಿದರೂ ಇದನ್ನು ತಕ್ಕಡಿಯ ಒಂದು ಕಡೆ ಇಟ್ಟುಕೊಂಡೇ ಓದಿ.

ಈಗ ದೂರು. ಡಬ್ಬಿಯನ್ನು ಮಾರುವುದು ಲೀಟರಿನಲ್ಲಿ. ಕಾರಿನ ಚಾವಣಿಗೆ ಅರ್ಥವಾಗುವುದು ಕಿಲೋ. ಎಷ್ಟೋ ಕಾರುಗಳ ಕೈಪಿಡಿಯಲ್ಲಿ ಚಾವಣಿ ಹೊರಬಹುದಾದ ಭಾರ 50ರಿಂದ 75 ಕಿಲೋ ಅಂತ ಬರೆದಿರುತ್ತೆ. ಕೆಲವು ಕಾರುಗಳಲ್ಲಿ ಮೇಲಿರುವ ಬೆಳ್ಳಿ ಬಣ್ಣದ ಕಂಬಿಗಳು ಬರೀ ಅಲಂಕಾರ, ಅವುಗಳ ಮೇಲೆ ಏನೂ ಕಟ್ಟುವಂತಿಲ್ಲ. ಇದನ್ನು ಮೊದಲು ನೋಡಿಕೊಳ್ಳಿ. 75 ಕಿಲೋ ಅಂತಲೇ ಇಟ್ಟುಕೊಂಡರೂ ಅದರೊಳಗೆ ಡಬ್ಬಿಯ ತೂಕವೂ ಸೇರಿತು, ಸುಮಾರು 15ರಿಂದ 20 ಕಿಲೋ. ಅಡ್ಡಪಟ್ಟಿಗಳದ್ದು ಇನ್ನೊಂದು ಐದು. ಉಳಿಯೋದು 50. ನಮ್ಮ ಕ್ಯಾನಿನ ಲೆಕ್ಕಕ್ಕೆ ಬನ್ನಿ. ನಾನೂರು ಲೀಟರಿನ ಡಬ್ಬಿಯಲ್ಲಿ ಇಪ್ಪತ್ತು ಕ್ಯಾನಿಗೆ ಜಾಗ ಇದೆ. ಚಾವಣಿ ಒಪ್ಪುವುದು ಎರಡೂವರೆ ಕ್ಯಾನಿನ ಭಾರ. 50 ಕಿಲೋ ಮಿತಿಯ ಕಾರಾದರೆ ಒಂದು ಕ್ಯಾನು, ಮೇಲೆ ಸ್ವಲ್ಪ.

ಇಷ್ಟು ದೊಡ್ಡ ಹೊಟ್ಟೆಗೆ ಇಷ್ಟು ಕಡಿಮೆ ಊಟ ಯಾಕೆ ಅಂದರೆ, ಆ ಹೊಟ್ಟೆಯನ್ನು ನಮಗಾಗಿ ಮಾಡಿದ್ದಲ್ಲ. ತುಲೆ ಕಂಪನಿಯನ್ನು 1942ರಲ್ಲಿ ಶುರುಮಾಡಿದ ಎರಿಕ್ ತುಲಿನ್ ಮೊದಲು ಮಾಡಿ ಮಾರಿದ್ದು ಮೀನು ಹಿಡಿಯುವ ಬೋನು, ನಮ್ಮ ಮಲೆನಾಡಿನ ಕೂಳಿಯ ದೂರದ ನೆಂಟ. ಅಲ್ಲಿಂದ ಕಾರಿನ ಮೇಲೆ ಸ್ಕೀ ಕಟ್ಟುವ ಪಟ್ಟಿಗೆ ಬಂದರು, ಆಮೇಲೆ ಡಬ್ಬಿಗೆ. ಇವತ್ತಿಗೂ ಇಂಥ ಡಬ್ಬಿಗಳ ಜಾಹೀರಾತು ಚಿತ್ರದಲ್ಲಿ ಹಿಮ ಇರುತ್ತೆ, ಪೈನ್ ಮರ ಇರುತ್ತೆ, ಅಪ್ಪ ಅಮ್ಮ ಎರಡು ಮಕ್ಕಳು ಇರ್ತಾರೆ. ಅಜ್ಜಿ ಇರಲ್ಲ. ಅವರು ತುಂಬುವುದು ಸ್ಕೀ, ದಪ್ಪ ಜಾಕೆಟ್ಟು, ಮಲಗುವ ಚೀಲ. ಎಲ್ಲಾ ಉದ್ದ, ಎಲ್ಲಾ ಉಬ್ಬು, ಯಾವುದಕ್ಕೂ ತೂಕ ಇಲ್ಲ. ಉದ್ದ ಅಗಲ ಅವರ ಸಮಸ್ಯೆ, ಡಬ್ಬಿ ಅದನ್ನು ಬಗೆಹರಿಸಿತು. ನಮ್ಮ ಸಮಸ್ಯೆ ತೂಕ. ಕನ್ನಡ ಕುಟುಂಬ ಪ್ರವಾಸದಲ್ಲಿ ಹೋಗುವಾಗ ಬಟ್ಟೆ ಒಯ್ಯುತ್ತೆ, ಬರುವಾಗ ತೋಟ ತರುತ್ತೆ. ಆ ತೋಟದ ಕಥೆ ಕೊನೆಗೆ ಹೇಳ್ತೀನಿ.

ಎರಡನೇ ದೂರು ಎತ್ತರದ್ದು. ಇನ್ನೋವಾ ಕ್ರಿಸ್ಟಾದ ಎತ್ತರ 1795 ಮಿಲಿಮೀಟರ್. ಅದರ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಡಬ್ಬಿ, ಅಂದರೆ ಡಬ್ಬಿಯ ತಳವೇ ನೆಲದಿಂದ ಆರಡಿ ದಾಟುತ್ತೆ. ನಮ್ಮ ಕಾರು ಅಷ್ಟು ಎತ್ತರದ್ದಲ್ಲ, ಆದರೂ ಐದಡಿ ಒಂದಿಂಚಿನ ನಾನು ಆ ಡಬ್ಬಿಯ ಒಳಗನ್ನು ಆರು ದಿನದಲ್ಲಿ ಒಂದು ಸಲವೂ ಸರಿಯಾಗಿ ನೋಡಲಿಲ್ಲ. ನಮ್ಮ ಮನೆಗಳಲ್ಲಿ ಪ್ಯಾಕಿಂಗ್ ಯಾರು ಮಾಡ್ತಾರೆ? ಯಾವ ಬ್ಯಾಗಿನಲ್ಲಿ ಯಾರ ಸ್ವೆಟರು, ಯಾವ ಜಿಪ್ಪಿನಲ್ಲಿ ಜ್ವರದ ಮಾತ್ರೆ ಅನ್ನೋದು ಯಾರಿಗೆ ಗೊತ್ತು? ಅವಳ ಕೈಗೆ ಡಬ್ಬಿ ಎಟುಕಲ್ಲ. ಎಟುಕುವವನಿಗೆ ಯಾವುದು ಎಲ್ಲಿದೆ ಗೊತ್ತಿಲ್ಲ. ಹಾಸನ ದಾಟಿದ ಮೇಲೆ ಮಗನಿಗೆ ವಾಂತಿ ಬಂದು, ಬದಲಿಸೋಕೆ ಅಂಗಿ ಬೇಕಾಯಿತು. ಗಂಡ ಬಾಗಿಲ ಹೊಸ್ತಿಲ ಮೇಲೆ ನಿಂತು, ಅರ್ಧ ಶರೀರ ಡಬ್ಬಿಯೊಳಗೆ ಹಾಕಿ, "ನೀಲಿನಾ? ಯಾವ ನೀಲಿ?" ಅಂತ ಕೂಗುತ್ತಿದ್ದ. ನಾನು ಕೆಳಗೆ ನಿಂತು ಕ್ರಿಕೆಟ್ ಕಾಮೆಂಟರಿ ಥರ ದಿಕ್ಕು ಹೇಳುತ್ತಿದ್ದೆ. ಡಿಕ್ಕಿ ಇಬ್ಬರದೂ ಆಗಿತ್ತು. ಡಬ್ಬಿ ಗಂಡಸರ ಡಿಪಾರ್ಟ್‌ಮೆಂಟ್ ಆಯಿತು. ಒಂದು ಮಡಚುವ ಸ್ಟೂಲು ತಗೊಂಡು ಹೋಗಿ ಅಂತ ಯಾವ ವಿಡಿಯೋದಲ್ಲೂ ಹೇಳಲ್ಲ. ನಾನು ಹೇಳ್ತಿದ್ದೀನಿ, ತಗೊಂಡು ಹೋಗಿ.

ಎತ್ತರಕ್ಕೆ ಜಯನಗರದ್ದೇ ಆದ ಇನ್ನೊಂದು ಅಧ್ಯಾಯ ಇದೆ. ನೆಲಮಾಳಿಗೆಯ ಪಾರ್ಕಿಂಗಿನ ಬಾಯಲ್ಲಿ 2.1 ಮೀಟರ್ ಅಂತ ಬೋರ್ಡು ತೂಗಿರುತ್ತೆ. ಡಬ್ಬಿ ಹಾಕಿದ ಮೇಲೆ ಆ ಬೋರ್ಡು ನಿಮಗೇ ಬರೆದದ್ದು. ಆಫೀಸು, ಮಾಲು, ಅಪಾರ್ಟ್‌ಮೆಂಟು, ಎಲ್ಲಿಗೆ ಹೋದರೂ ಅಲ್ಲಿಯವರೆಗೆ ಲೆಕ್ಕಕ್ಕೇ ಬಾರದಿದ್ದ ಸ್ಪ್ರಿಂಕ್ಲರ್ ಪೈಪು ಕಾಣಲು ಶುರುವಾಗುತ್ತೆ. ನಮ್ಮ ರಸ್ತೆಗಳ ಸಾಲುಮರ, ಆ ಮರದಿಂದ ಈ ಮರಕ್ಕೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದ ಇಂಟರ್ನೆಟ್ ಕೇಬಲ್ಲು. ನಾವು ಹೊರಟ ಬೆಳಿಗ್ಗೆ ಐದು ಗಂಟೆಗೆ ಮೊದಲ ತಿರುವಿನಲ್ಲೇ ಒಂದು ಕೇಬಲ್ಲು ಡಬ್ಬಿಯ ಬೆನ್ನಿಗೆ ಸವರಿಕೊಂಡು ಹೋದ ಶಬ್ದ ಕೇಳಿತು. ಯಾರ ಮನೆಯ ಇಂಟರ್ನೆಟ್ಟು ಹೋಯಿತೋ. ಎದುರು ಮನೆ ಅಂಕಲ್‌ದಲ್ಲ, ಅಷ್ಟು ಗೊತ್ತು, ಆರು ದಿನವೂ ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಬರುತ್ತಿತ್ತು.

ಪೆಟ್ರೋಲಿನ ವಿಷಯ ಬೇಗ ಮುಗಿಸ್ತೀನಿ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ, ಚಾವಣಿಯ ಮೇಲೆ ದೊಡ್ಡ ಮೊಂಡು ಡಬ್ಬಿ ಇದ್ದರೆ ಊರೊಳಗೆ ಮೈಲೇಜು ಶೇಕಡಾ 2ರಿಂದ 8, ಹೆದ್ದಾರಿಯಲ್ಲಿ 6ರಿಂದ 17, ಗಂಟೆಗೆ ನೂರು ಕಿಲೋಮೀಟರು ದಾಟಿದ ವೇಗದಲ್ಲಿ 10ರಿಂದ 25ರಷ್ಟು ಇಳಿಯಬಹುದು. ಹದಿನೈದು ಕೊಡುವ ಕಾರು ಶೇಕಡಾ 15 ಕಳೆದುಕೊಂಡರೆ, ಹೊರನಾಡಿಗೆ ಹೋಗಿ ಬರುವ ಆರುನೂರು ಚಿಲ್ಲರೆ ಕಿಲೋಮೀಟರಿಗೆ ಏಳೆಂಟು ಲೀಟರ್ ಹೆಚ್ಚು. ಲೀಟರಿಗೆ ನೂರು ರೂಪಾಯಿ ಅಂದುಕೊಂಡರೆ ಏಳೆಂಟು ನೂರು. ಆರು ಜನ ಒಟ್ಟಿಗೆ ಹೋಗಿ ಬಂದ ಖುಷಿಗೆ ಇದೇನು ದೊಡ್ಡ ದುಡ್ಡಲ್ಲ. ದೊಡ್ಡ ದುಡ್ಡಾಗುವುದು ಪ್ರವಾಸ ಮುಗಿದ ಮೇಲೂ ಅದನ್ನು ಇಳಿಸದೇ ಇದ್ದಾಗ. ಕನಕಪುರ ರಸ್ತೆಯಲ್ಲಿ, ಜೆ.ಪಿ. ನಗರದಲ್ಲಿ ಬುಧವಾರ ಬೆಳಿಗ್ಗೆ ಆಫೀಸಿಗೆ ಒಬ್ಬರೇ ಹೋಗುವ ಕಾರಿನ ಮೇಲೆ ಖಾಲಿ ಡಬ್ಬಿ ನೋಡಿ. ಅದು ಸಾಮಾನು ಹೊರುತ್ತಿಲ್ಲ. ಮದುವೆ ಮುಗಿದು ತಿಂಗಳಾದರೂ ತೆಗೆಯದ ಚಪ್ಪರ ಅದು.

ಪಾಪ, ಇಳಿಸಿದರೆ ಇಡೋದೆಲ್ಲಿ? ಇದೇ ಡಬ್ಬಿಯ ದೊಡ್ಡ ವ್ಯಂಗ್ಯ. ಜಾಗ ಸಾಲದು ಅಂತ ಕೊಂಡ ವಸ್ತುವಿಗೆ ಜಾಗ ಬೇಕು, ಆರೂವರೆ ಅಡಿ ಉದ್ದ, ಎರಡೂವರೆ ಮೂರಡಿ ಅಗಲ, ವರ್ಷದಲ್ಲಿ ಮುನ್ನೂರೈವತ್ತು ದಿನ. ಜಯನಗರದ ಹಳೇ ಮನೆಗಳಲ್ಲಿ ಅಟ್ಟ ಇತ್ತು, ಹಿತ್ತಲಿತ್ತು, ತಾತನ ಕಾಲದ ಹಂಡೆಯ ಪಕ್ಕ ಇದೂ ಇರುತ್ತಿತ್ತು. ಆ ಮನೆಗಳು ಒಂದೊಂದಾಗಿ ನಾಲ್ಕು ಮಹಡಿಯ ಫ್ಲ್ಯಾಟುಗಳಾದವು. ಫ್ಲ್ಯಾಟಿನ ಬಾಲ್ಕನಿಯಲ್ಲಿ ಡಬ್ಬಿ ಇಟ್ಟರೆ ತುಳಸಿಕಟ್ಟೆ ಎಲ್ಲಿಡೋದು? ಕೊಳ್ಳಬೇಡ ಅಂತ ನಾನು ಗಂಡನಿಗೆ ಹೇಳಿದ್ದು ಈ ಕಾರಣಕ್ಕೆ, ಮಿಕ್ಕ ಯಾವ ಕಾರಣಕ್ಕೂ ಅಲ್ಲ. ಬಾಡಿಗೆ ಸರಿ. ಇಪ್ಪತ್ತು ಮನೆಯ ಅಪಾರ್ಟ್‌ಮೆಂಟಿಗೆ ಸೇರಿ ಒಂದು ಡಬ್ಬಿ ಇದ್ದರೆ ಇನ್ನೂ ಸರಿ. ಹಿಂದೆ ಬೀದಿಗೊಂದು ಚಕ್ಕುಲಿ ಒರಳು ಸಾಲುತ್ತಿತ್ತು.

ಇನ್ನು ನಮ್ಮ ಪ್ರವಾಸ. ಡಬ್ಬಿಯಲ್ಲಿ ಏನು ಹಾಕಬೇಕು ಅನ್ನುವುದನ್ನು ನಾನು ಲೆಕ್ಕ ಹಾಕಿದ್ದೆ. ಹೊದಿಕೆ, ದಿಂಬು, ಸ್ವೆಟರು, ಬಟ್ಟೆಯ ಮೆತ್ತನೆ ಬ್ಯಾಗುಗಳು ಮೇಲೆ. ಶೂ, ನೀರು, ತಿಂಡಿ ಡಬ್ಬ, ಟ್ರಾಲಿ ಬ್ಯಾಗಿನ ಭಾರ ಎಲ್ಲಾ ಕೆಳಗೆ, ಡಿಕ್ಕಿಗೆ. ಬಿಸಿಲಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಒಳಗೆ ಕೈ ಹಾಕಿದರೆ ಗೊತ್ತಾಗುತ್ತೆ ಅದೊಂದು ಒಲೆ ಅಂತ. ಔಷಧಿ, ಪವರ್ ಬ್ಯಾಂಕು, ಬೆಣ್ಣೆ ಬಿಸ್ಕತ್ತು ಅಲ್ಲಿಗೆ ಹೋಗಬಾರದು. ಇಷ್ಟೆಲ್ಲ ಮಾಡಿದ ಮೇಲೆ ಅಮ್ಮ ತನ್ನ ಬ್ಯಾಗು ಹಿಡಿದುಕೊಂಡು ಬಂದಳು. ಸಣ್ಣ ಬ್ಯಾಗು. ಎರಡು ಸೀರೆ, ಇನ್ಸುಲಿನ್ ಪೆಟ್ಟಿಗೆ, ಸಹಸ್ರನಾಮದ ಪುಸ್ತಕ. ಔಷಧಿ ಮಾತ್ರ ನಂಗೆ ಕೊಡು, ಮಿಕ್ಕಿದ್ದು ಮೇಲೆ ಹಾಕ್ತೀನಿ ಅಂದೆ. "ಬೇಡ ಬಿಡೇ, ಕಾಲ ಹತ್ರ ಇರುತ್ತೆ, ಯಾರಿಗೂ ತೊಂದ್ರೆ ಇಲ್ಲ" ಅಂದಳು.

ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು. ಎರಡು ವರ್ಷ ಮನೆಯಲ್ಲೇ ಉಳಿದವಳು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಇಳಿಯುವಾಗ ನೋಡಿದೆ, ಕಾಲು ಊದಿಕೊಂಡಿತ್ತು. ಬ್ಯಾಗಿನ ಎರಡು ಪಕ್ಕಕ್ಕೂ ಪಾದ ಒತ್ತರಿಸಿಕೊಂಡು ಐದು ಗಂಟೆ ಕೂತಿದ್ದಾಳೆ. ತಲೆಯ ಮೇಲೆ ನಾನೂರು ಲೀಟರ್, ಅದರಲ್ಲಿ ಅರ್ಧ ಖಾಲಿ. ಜಾಗ ಇರುವುದು ಬೇರೆ, ಜಾಗ ನನಗೂ ಇದೆ ಅಂತ ಅನ್ನಿಸುವುದು ಬೇರೆ ಅಂತ ಕಾಣುತ್ತೆ. ಎರಡು ವರ್ಷದಲ್ಲಿ ನಾವು ಅವಳಿಗೆ ಕಲಿಸಿದ್ದನ್ನು ಡಬ್ಬಿ ಒಂದು ಬೆಳಿಗ್ಗೆಯಲ್ಲಿ ಮರೆಸುತ್ತೆ ಅಂತ ನಾನು ಯಾಕೆ ಅಂದುಕೊಂಡೆನೋ. ನೀರುದೋಸೆ ತಿಂದು ಬಂದ ಮೇಲೆ ಕೇಳದೆ ಬ್ಯಾಗು ತಗೊಂಡು, ಇನ್ಸುಲಿನ್ ಪೆಟ್ಟಿಗೆ ನನ್ನ ಕೈಚೀಲಕ್ಕೆ ಹಾಕಿ, ಬ್ಯಾಗನ್ನು ಗಂಡನ ಕೈಗೆ ಕೊಟ್ಟೆ. ಮೇಲೆ ಮುಚ್ಚಳ ಟಪ್ ಅಂತು. ಅಮ್ಮ ಕಾಲು ಚಾಚಿದಳು. ಪುಸ್ತಕ ಬೇಕಿತ್ತು ಅಂತ ಕಳಸದವರೆಗೂ ಹೇಳಲಿಲ್ಲ.

ಬರುವ ದಿನ ತೋಟದ ಕಥೆ. ಕಳಸದ ಹತ್ತಿರ ಅತ್ತೆಯ ದೊಡ್ಡಮ್ಮನ ಮಗನ ಮನೆ. ಹೊರಡುವ ಹೊತ್ತಿಗೆ ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದರು: ಸುಲಿದ ತೆಂಗಿನಕಾಯಿ ಮೂವತ್ತು, ಬಾಳೆಗೊನೆ ಒಂದು, ಹಲಸಿನ ಹಣ್ಣು ಎರಡು, ಜೋನಿಬೆಲ್ಲದ ಡಬ್ಬ, ಮಿಡಿ ಉಪ್ಪಿನಕಾಯಿ, ಕಾಳುಮೆಣಸು, ಕಾಫಿಪುಡಿ. ಡಬ್ಬಿ ನೋಡಿ ಅವರಿಗೆ ಬಹಳ ಸಂತೋಷ. "ಸೈ ಮಾರಾಯ, ಇಷ್ಟು ದೊಡ್ಡ ಡಬ್ಬಿ ತಂದಿದ್ದೀರಿ, ಇನ್ನೊಂದು ಗೊನೆ ಹಾಕ್ತೇನೆ ಇರು" ಅಂತ ಕತ್ತಿ ಹಿಡಿದು ತೋಟಕ್ಕೆ ಹೊರಟೇ ಬಿಟ್ಟರು. ಚಾವಣಿ ಐವತ್ತು ಕಿಲೋ ಮೇಲೆ ತಡೆಯಲ್ಲ ಅಂತ ಅವರಿಗೆ ವಿವರಿಸುವುದು ಹೇಗೆ? ಡಿಕ್ಕಿ ಸಣ್ಣದಿದ್ದಾಗ ಜಾಗ ಇಲ್ಲ ಅನ್ನೋದು ಕಣ್ಣಿಗೆ ಕಾಣುತ್ತಿತ್ತು, ಯಾರಿಗೂ ಬೇಜಾರಿರಲಿಲ್ಲ. ಖಾಲಿ ಡಬ್ಬಿಯ ಮುಂದೆ ನಿಂತು ಬೇಡ ಅಂದರೆ ಕೊಟ್ಟವರ ಮುಖ ಸಣ್ಣದಾಗುತ್ತೆ.

ಗಂಡ ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದ. ಅತ್ತೆ ಅವನ ಕೈಯಿಂದ ಫೋನು ಇಸಿದುಕೊಂಡು ಪಕ್ಕಕ್ಕಿಟ್ಟರು. ಡಿಕ್ಕಿಯಲ್ಲಿದ್ದ ಟ್ರಾಲಿ ಬ್ಯಾಗು ಎರಡನ್ನೂ ಜಗಲಿಯ ಮೇಲೆ ಬಿಚ್ಚಿಸಿ, ಬಟ್ಟೆಗಳನ್ನೆಲ್ಲ ಹಳೇ ಸೀರೆಯಲ್ಲಿ ಗಂಟು ಕಟ್ಟಿಸಿದರು. ಗಂಟುಗಳು ಮೇಲೆ ಹೋದವು, ತೆಂಗಿನಕಾಯಿ, ಬೆಲ್ಲ, ಒಂದು ಹಲಸು ಕೆಳಗೆ ಡಿಕ್ಕಿಗೆ ಬಂದವು. ಖಾಲಿ ಟ್ರಾಲಿ ಬ್ಯಾಗು ಒಂದರೊಳಗೊಂದು ಕೂತು ಅವೂ ಮೇಲೆ ಹೋದವು. ಇನ್ನೊಂದು ಹಲಸು, ಗೊನೆ ಎರಡೂ ಅಲ್ಲೇ ಉಳಿದವು. ಶ್ರಾವಣಕ್ಕೆ ಬರುವಾಗ ತರ್ತೇನೆ ಅಂತ ಅವರೇ ಹೇಳಿದರು. ಅರ್ಧ ಲಕ್ಷ ಬೆಲೆಯ ಸ್ವೀಡನ್ ಡಬ್ಬಿಯನ್ನು ಸರಿಯಾಗಿ ಬಳಸುವುದು ಹೇಗೆ ಅಂತ ನಾನು ನೋಡಿದ ಎಲ್ಲ ವಿಡಿಯೋಗಳಿಗಿಂತ ಚೆನ್ನಾಗಿ ತೋರಿಸಿದ್ದು ಎಪ್ಪತ್ತೊಂದು ವರ್ಷದ ಅತ್ತೆ, ಅದೂ ಹೋಲ್ಡಾಲ್ ಕಾಲದ ಬುದ್ಧಿಯಿಂದ.

ಡಬ್ಬಿ ವಾಪಸ್ ಹೋಯಿತು. ಕೊಳ್ಳಲಿಲ್ಲ. ಕಾರಿನ ನೆತ್ತಿ ಬೋಳು ಬೋಳಾಗಿ ಕಾಣುತ್ತೆ ಅಂತ ಗಂಡ ಎರಡು ದಿನ ಅಂದ, ಆಮೇಲೆ ಮರೆತ. ಹೋದ ವಾರ ದಸರಾ ರಜೆಯ ಮಾತು ಬಂತು. ಮಡಿಕೇರಿಯೋ ಬಾದಾಮಿಯೋ ಅಂತ ಮಕ್ಕಳು ಕಿತ್ತಾಡುತ್ತಿದ್ದರು. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಯಾವ ಊರಿಗೆ ಅಂತ ಕೇಳಲಿಲ್ಲ. ತಲೆ ಎತ್ತದೆ, "ಆ ಡಬ್ಬಿ ತರಿಸ್ತೀಯೇನೇ?" ಅಂದಳು.

ತರಿಸ್ತೀನಿ ಅಂದೆ. ಸ್ಟೂಲೂ ತಗೋತೀನಿ ಅಂದೆ.